ಮಾಮ ನನ್ನನ್ನು ಬಸ್ಸಿಗೆ ಹತ್ತಿಸಿದ ದಿನ

ಬಸ್ಸಿನ ಮೊದಲ ಮೆಟ್ಟಿಲನ್ನು ಅಷ್ಟೆತ್ತರಕ್ಕೆ ಇಡಿಸಿದ ಪುಣ್ಯಾತ್ಮ ಯಾರೋ, ಅವನ ಕಾಲೆರಡೂ ಗಟ್ಟಿಯಾಗಿದ್ದಿರಬೇಕು. ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೊ ಬಂದು ಸೋತುಹೋಗಿತ್ತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದೆ. ತಮಿಳು ಸೀಮೆಯ ನಮ್ಮೂರು ಕೊಂಬೈಯಿಂದ ಹೊರಡುವ ಬಸ್ಸಿಗೆ ಅಪ್ಪ ಎತ್ತಿ ಕೂರಿಸುತ್ತಿದ್ದರು. ದೊಡ್ಡವಳಾದ ಮೇಲೆ ಅದೂ ನಿಂತಿತು, ಬಸ್ಸನ್ನು ದೂರದಿಂದ ನೋಡಿದ್ದಷ್ಟೇ.

ಅರವತ್ತರ ದಶಕದ ಒಂದು ಬೇಸಿಗೆ. ದಿಂಡುಗಲ್ಲಿನ ಡಾಕ್ಟರೊಬ್ಬರು ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿಸಿ ನಡೆಸುತ್ತಾರೆಂದು ಕೇಳಿ ಅಮ್ಮ ನನ್ನನ್ನು ಹೊರಡಿಸಿದಳು. ಅಪ್ಪನಿಗೆ ಆವತ್ತು ತೋಟಕ್ಕೆ ನೀರು ಹಾಯಿಸುವ ಸರದಿ. ಜೊತೆಗೆ ಬಂದವನು ಅಮ್ಮನ ಕಿರಿಯ ತಮ್ಮ, ನನ್ನ ಮಾಮ. ಇನ್ನೂ ಮದುವೆಯಾಗಿರಲಿಲ್ಲ. ಅಲ್ಲಿ ನೆಲೆಸಿದ ನಮ್ಮ ಕನ್ನಡ ಜನರಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಮಾಮನದು. ಅವನು ಬೇಡವೆಂದರೆ ಮಾತ್ರ ಹೊರಗಿನ ಗಂಡು. ನನ್ನ ಕಾಲು ನೋಡಿ ಯಾರೂ ಆ ಮಾತು ತೆಗೆದಿರಲಿಲ್ಲ. ಅವನೂ ಬೇಕೆಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ.

ಬಸ್ಸು ಬಂತು. ನಾನು ಕಂಬಿ ಹಿಡಿದು ಜೋತಾಡಿದೆ, ಅಮ್ಮ ಹಿಂದಿನಿಂದ ತಳ್ಳಿದಳು. "ಸೀಕ್ಕಿರಂ ಏರುಮ್ಮಾ!" ಎಂದು ಅವಸರ ಮಾಡಿದ ಕಂಡಕ್ಟರು ಸೀಟಿ ಊದಿಯೇಬಿಟ್ಟ. ಬಸ್ಸು ಅಲುಗಿತು. ಮಾಮ ತಟಕ್ಕನೆ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟ.

ಒಳಗೆ ಕೂತಿದ್ದ ನಮ್ಮೂರ ಅಜ್ಜಿಯೊಬ್ಬಳು ಮದುವೆಮನೆಯಲ್ಲಿ ಹಾಕುವ ಹಾಗೆ ನಾಲಗೆ ಹೊರಳಿಸಿ ಗಟ್ಟಿಯಾಗಿ ಕುಲವೆ ಹಾಕಿದಳು!

"ಊರ್ ಮುಂದೆ ಪುಳ್ಳೆನ ತೂಕ್ಕಿಬುಟ್ನಲ್ಲಾ! ಇನ್ನೇನ್ ಕೇಳಾದು? ತಾಳಿ ಒಂದೇ ಬಾಕಿ."

ಬೆಳೆದ ಹುಡುಗಿಯನ್ನು ಹಕ್ಕಿನ ಮಾಮ ಎಲ್ಲರೆದುರು ಎತ್ತಿಕೊಂಡರೆ ಬೇಕೆಂದಂತೆಯೇ ಲೆಕ್ಕ. ಹೆಂಗಸರು ನಗುತ್ತ ಸರಿದು ಮುಂದಿನ ಸೀಟು ಬಿಟ್ಟುಕೊಟ್ಟರು. ಅಮ್ಮ ಅಲ್ಲವೆನ್ನಬಾರದೇ? ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮ ಹಿಂದೆ ಹೋಗಿ ಕಿಟಕಿಯಾಚೆ ನೋಡುತ್ತ ನಿಂತ. ಅವನು ಎತ್ತಿದ್ದು ನಾನು ಬೇಕೆಂದೋ, ಬಸ್ಸು ಹೊರಟಿತೆಂದೋ? ತೇನಿ ದಾಟಿದರೂ ನನಗೆ ತಲೆಬುಡ ತಿಳಿಯಲಿಲ್ಲ.

ಡಾಕ್ಟರು ಕಾಲಿನ ಅಳತೆ ತೆಗೆದು, ತಿಂಗಳಿಗೊಮ್ಮೆ ಬರಬೇಕು, ಬಸ್ಸಿಗೆ ಯಾರು ಹತ್ತಿಸುತ್ತಾರೆ ಎಂದು ಕೇಳಿದರು.

"ಅವನಿದ್ದಾನಲ್ಲ," ಎಂದಳು ಅಮ್ಮ. ಮಾಮ ತನ್ನ ಚಪ್ಪಲಿ ನೋಡಿಕೊಂಡ.

ಅವನ ಮೇಲೆ ನನಗೆ ಆಸೆಯಿತ್ತು. ಈಗ ಮುದುಕಿ, ಹೇಳಲು ಎಂಥ ನಾಚಿಕೆ! ಆದರೆ ಹಾಳು ಮೆಟ್ಟಿಲಿನ ದೆಸೆಯಿಂದ ಒಬ್ಬ ಒಳ್ಳೆಯವನು ಸಿಕ್ಕಿಹಾಕಿಕೊಳ್ಳುವುದೇ? ಇನ್ನೊಂದು ಸಲ ಎತ್ತಿದರೆ ಮುಗಿಯಿತು, ಊರವರ ಬಾಯಿ ಮುಚ್ಚಿಸುವ ಶಕ್ತಿ ಅವನಿಗಿಲ್ಲ. ಸಂತೋಷಪಡಬೇಕೋ ಅಳಬೇಕೋ ಗೊತ್ತಾಗದೆ ಅಮ್ಮನ ಮೇಲೆ ಸಿಡುಕುತ್ತಿದ್ದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ, ನಮ್ಮ ಬಸ್ಸಿನಲ್ಲಿ ಅದೇ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಕಾಯುತ್ತಿದ್ದಾಳೆ! ಮಾಮ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ.

"ಮಾಮ, ದೂರ ನಿಲ್ಲು," ಎಂದೆ.

ಬಸ್ಸಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕುಕ್ಕರಿಸಿದೆ. ಕೈಗಳನ್ನೂರಿ, ಬಲಗಾಲಿನಿಂದ ನೂಕಿ, ಕೂತುಕೊಂಡೇ ಒಂದೊಂದು ಮೆಟ್ಟಿಲು ಮೇಲಾದೆ. ಸೀರೆಯೆಲ್ಲ ಧೂಳು. ಕಂಡಕ್ಟರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದದೆ ನಿಂತಿದ್ದ.

"ಇದೇನ್ ಪುಳ್ಳೆ, ಹಿಂದುಮುಂದಾಗಿ ಏರ್ತೀಯ!" ಎಂದಳು ಅಜ್ಜಿ. ಈ ಸಲ ಯಾರೂ ನಗಲಿಲ್ಲ.

ಬಸ್ಸು ದಿಂಡುಗಲ್ಲು ಬಿಟ್ಟ ಮೇಲೆ ಮಾಮ ನನ್ನ ಸೀಟಿನ ಪಕ್ಕಕ್ಕೆ ಬಂದು ಕಂಬಿ ಹಿಡಿದು ನಿಂತ.

"ಯಾಕೆ ದೂರ ನಿಲ್ಲು ಅಂದೆ?"

"ಇನ್ನೊಂದು ಸಲ ಎತ್ತಿದ್ರೆ ನನ್ನನ್ನ ನಿನ್ನ ತಲೆಗೆ ಕಟ್ತಾರೆ. ಅದಕ್ಕೇ."

ಅವನು ನನ್ನ ಕಡೆ ಬಾಗಿದ. ಅಮ್ಮನಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ಬೆಳಗ್ಗೆ ಅಜ್ಜಿ ಅಷ್ಟೆಲ್ಲ ಹೇಳಿದ್ಳಲ್ಲ. ನಾನು ಇಲ್ಲ ಅಂದ್ನಾ?"