ಬಾಯಿ ಕಟ್ಟಲು ಹೇಳಿದ್ದು ಡಾಕ್ಟರಲ್ಲ, ನಾನು

ತಂಗಿ ಸುಜಾತಾಳಿಗೆ, ನಿನ್ನ ಅಕ್ಕನಾದ ನಾನು ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ — ನಿನ್ನ ಮೊದಲ ಬಾಣಂತನದಲ್ಲಿ ಮಗುವಿನ ಹೊಟ್ಟೆ ಕೆಟ್ಟದ್ದು ನೀನು ತಿಂದ ಮಿರ್ಚಿ ಬಜ್ಜಿಯಿಂದ ಎಂದು ಡಾಕ್ಟರು ಹೇಳಿರಲಿಲ್ಲ. ಹಾಗೆ ನಂಬಿಸಿದವಳು ನಾನು.

ಸದರಿ ಸಂದರ್ಭದಲ್ಲಿ ನಾನು ದಾವಣಗೆರೆಯಿಂದ ಹರಿಹರದ ಅವ್ವನ ಮನೆಗೆ ಬಂದು ಬಾಣಂತನದ ಹೊಣೆ ಹೊತ್ತಿದ್ದೆ. ಕ್ರಿಮಿಗಳೆಂದರೆ ನನಗೆ ವಿಪರೀತ ಭಯ. ಜಾಹೀರಾತು ನೋಡಿ ಕ್ರಿಮಿನಾಶಕ ಸೋಪು ತಂದೆ. ಪ್ರತಿ ಸಲ ಹಾಲೂಡಿಸುವ ಮೊದಲು ಅದರಿಂದಲೇ ಎದೆ ತೊಳೆದುಕೊಳ್ಳಲು ನಿನಗೆ ತಾಕೀತು ಮಾಡಿದೆ. ಮಗುವಿಗೆ ಕುಡಿಸುವ ಒಳಲೆಯನ್ನೂ ಅದರಲ್ಲೇ ತಿಕ್ಕಿ, ಆತುರದಲ್ಲಿ ಸೋಪು ಪೂರ್ತಿ ಹೋಗದಂತೆ ಅರೆಬರೆ ತೊಳೆಯುತ್ತಿದ್ದೆ. ನಿನ್ನ ಎದೆ ಒಡೆದು ಉರಿದಾಗಲೂ — ಬಿಡಲಿಲ್ಲ.

ಮಗುವಿಗೆ ಭೇದಿ ಹತ್ತಿತು. ಗಾಳಿ ತಾಕೀತೆಂದು ನಿನ್ನನ್ನು ಹೊಸಿಲು ದಾಟಿಸದೆ, ನಾನೊಬ್ಬಳೇ ಮಗುವನ್ನು ದಾವಣಗೆರೆಗೆ ಕರೆದೊಯ್ದೆ. ಡಾಕ್ಟರು ಎಲ್ಲ ಕೇಳಿ, ಸೋಪನ್ನು ಅಂದೇ ನಿಲ್ಲಿಸಲು ಸೂಚಿಸಿದರು. ಎಳೆಗೂಸಿನ ಕರುಳಿನಲ್ಲಿ ಹಿತಕರ ಸೂಕ್ಷ್ಮಜೀವಿಗಳು ಆಗತಾನೆ ನೆಲೆಯೂರುತ್ತಿರುತ್ತವೆ, ಇಂಥ ರಾಸಾಯನಿಕಗಳು ಒಳ್ಳೆಯದು ಕೆಟ್ಟದ್ದು ಎಂದು ಆರಿಸಿ ಕೊಲ್ಲುವುದಿಲ್ಲ ಎಂದರು. ಭೇದಿಗೆ ಇದೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೂ ಬೇಡ. ಎದೆಗೆ ಬರೀ ನೀರು ಸಾಕು. ತಾಯಿ ಊಟ ಬಿಡಬಾರದು — ಇಷ್ಟನ್ನೂ ಸ್ಪಷ್ಟವಾಗಿ ಹೇಳಿದ್ದರು.

ಮರಳಿ ಬಂದಾಗ ಅವ್ವ ನಿನ್ನನ್ನು ತರಾಟೆಗೆ ತೆಗೆದುಕೊಂಡಿದ್ದಳು. ನೀನು ಕದ್ದು ತಿಂದ ಮಿರ್ಚಿಯ ತೊಟ್ಟು ಮಂಚದ ಕೆಳಗೆ ಸಿಕ್ಕಿತ್ತು.

“ಬಾಣಂತಿ ಆಗಿದ್ದು ಮಗಿನ ಸಲುವಾಗೋ, ಮಿರ್ಚಿ ಸಲುವಾಗೋ?” ಎಂದವಳು ನನ್ನತ್ತ ತಿರುಗಿದಳು. “ಡಾಕ್ಟ್ರು ಏನಂದ್ರು, ಹೇಳು ಇಕಿಗೆ.”

“ಬಾಣಂತಿ ಬಾಯಿ ಕಟ್ಟಬೇಕಂತೆ,” ಎಂದೆ.

ನೀನು ಕಟ್ಟಿದೆ. ನಾನು ಸೋಪನ್ನು ಸದ್ದಿಲ್ಲದೆ ಬಚ್ಚಲಿನಿಂದ ತೆಗೆದೆ. ಮಗು ಚೇತರಿಸಿಕೊಂಡಿತು — ಆ ಚೇತರಿಕೆಯೇ ನನ್ನ ಸುಳ್ಳಿಗೆ ಸಾಕ್ಷಿಯಾಯಿತು. ಮೆಣಸಿನ ಸಾರು ಅನ್ನದಲ್ಲೇ ನೀನು ಸೊರಗಿದೆ, ಹಾಲು ಬತ್ತಿತು. ಹದಡಿಯ ಅತ್ತೆಮನೆಯಲ್ಲಿ ‘ನಾಲಿಗೆ ಚಪಲದವಳು’ ಎಂಬ ಹೆಸರು ನಿನಗೆ ಇಂದಿಗೂ —

ಈಗ ನೀನು ಮತ್ತೆ ಬಸುರಿ. ಹೆರಿಗೆಗೆ ಮೊದಲೇ ಊಟ ಬಿಡತೊಡಗಿರುವೆಯೆಂದು ಅವ್ವ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಳು. ಅದನ್ನು ಕೇಳಿಯೂ ಸುಮ್ಮನಿರುವುದು ನನ್ನಿಂದ ಸಾಧ್ಯವಿಲ್ಲ.

ಆದ್ದರಿಂದ ಈ ಭಾನುವಾರ ಅವ್ವನನ್ನೂ ಕರೆದುಕೊಂಡು ಹದಡಿಗೆ ಬರುತ್ತೇನೆ. ನಿನ್ನ ಅತ್ತೆಯವರ ಎದುರು ಕೂತು ಎಲ್ಲವನ್ನೂ ನಾನೇ ತಿಳಿಸುತ್ತೇನೆ. ಕ್ಷಮೆಯನ್ನು ಮಂಜೂರು ಮಾಡುವುದೂ ಬಿಡುವುದೂ ನಿನಗೆ ಸೇರಿದ್ದು. ಈ ಸಲದ ಬಾಣಂತನಕ್ಕೆ ನನ್ನನ್ನು ಕರೆಯದಿದ್ದರೂ ಸರಿ.

ಆದರೆ ನಾನು ಬರುವವರೆಗೆ ಕಾಯಬೇಡ, ಸುಜಿ. ಇವತ್ತೇ ಹೊಟ್ಟೆ ತುಂಬ ಉಣ್ಣು.