ಪಾರ್ವತವ್ವ ಮಣ್ಣು ಹುರಿದದ್ದು

ಕಿರವತ್ತಿಯ ಹೆದ್ದಾರಿ ಬದಿಯಲ್ಲಿ ಪಾರ್ವತವ್ವ ಖಾನಾವಳಿ ನಡೆಸುತ್ತಿದ್ದಳು. ಅವಳ ಜೋಳದ ರೊಟ್ಟಿ, ಎಣ್ಣೆಗಾಯಿಗಾಗಿ ಹುಬ್ಬಳ್ಳಿ ಕಡೆಯ ಲಾರಿಗಳು ಅಲ್ಲೇ ನಿಲ್ಲುತ್ತಿದ್ದವು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಯಾರ ಮಾತನ್ನೂ ಸುಮ್ಮನೆ ಒಪ್ಪುವವಳಲ್ಲ. ಬದನೆ ಎಳೆಯದು ಎಂದು ತರಕಾರಿಯವನು ಆಣೆ ಮಾಡಿದರೂ ಒಂದನ್ನು ಸೀಳಿ ನೋಡಿಯೇ ಕೊಳ್ಳುವಳು.

೧೯೯೭ರ ಫೆಬ್ರವರಿಯ ಒಂದು ಮಧ್ಯಾಹ್ನ, ಬಿಸಿಲಿಗೆ ಮುಖ ಕೆಂಪಾದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಳು. ವಾನಳ್ಳಿಯ ನಮಿತಾ. ಕಿರವತ್ತಿಯ ಹಿಂದಿನ ಬೋಳುಗುಡ್ಡಕ್ಕೆ ಎರಡು ವರ್ಷದ ಹಿಂದೆ ಬೇಲಿ ಹಾಕಿ, ಮಳೆನೀರು ಇಂಗಲು ಗುಂಡಿ ತೋಡಿಸಿದ್ದ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಗುಡ್ಡದ ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆಯೆಂದು ಅಳೆಯಬೇಕಿತ್ತು. ಮಣ್ಣು ಒಣಗಿಸುವ ಯಂತ್ರ ತಂದಿದ್ದಳು, ಆದರೆ ಕರೆಂಟ್ ಕೈಕೊಟ್ಟಿತ್ತು.

"ಅಕ್ಕ, ನಿಮ್ಮ ಒಲೆ ಸ್ವಲ್ಪ ಹೊತ್ತು ಕೊಡ್ತೀರಾ? ಮಣ್ಣು ಹುರೀಬೇಕಿತ್ತು."

ಪಾರ್ವತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಖಾರ ಎಷ್ಟ ಹಾಕಬೇಕವಾ?"

ಉಣ್ಣುತ್ತಿದ್ದವರೆಲ್ಲ ನಕ್ಕರು. ನಮಿತಾಳಿಗೂ ನಗು ತಡೆಯಲಾಗಲಿಲ್ಲ.

ಒಂದು ಒಲೆ ಬಿಟ್ಟುಕೊಟ್ಟ ಪಾರ್ವತವ್ವ ಪಕ್ಕದಲ್ಲೇ ನಿಂತು ನೋಡಿದಳು. ಅಕ್ಕಸಾಲಿಗರ ಬಳಿ ಇರುವಂಥ ಪುಟ್ಟ ತಕ್ಕಡಿಯಲ್ಲಿ ನಮಿತಾ ಮಣ್ಣು ತೂಗಿದಳು, ಹುರಿದಳು, ಮತ್ತೆ ತೂಗಿದಳು. ಎಷ್ಟು ಹುರಿದರೂ ತೂಕ ಇನ್ನು ಇಳಿಯುವುದಿಲ್ಲ ಎಂದಾದಾಗ ನಿಲ್ಲಿಸಿದಳು. ಕಡಿಮೆಯಾದ ತೂಕವೆಲ್ಲ ನೀರಿನದು ಎಂದಳು.

"ಇಂಥಾ ಒಣ ಮಣ್ಣಾಗ ನೀರ ಎಲ್ಲಿಂದ ಬಂತು?"

ನಮಿತಾ ಮತ್ತೊಂದು ಹಿಡಿ ಮಣ್ಣು ಬಾಣಲೆಗೆ ಹಾಕಿ ಮೇಲೆ ಸ್ಟೀಲ್ ತಟ್ಟೆ ಮುಚ್ಚಿದಳು. ತುಸು ಹೊತ್ತಿಗೆ ತೆಗೆದರೆ ತಟ್ಟೆಯ ಅಡಿಯಲ್ಲಿ ಹನಿಗಳು. ಪಾರ್ವತವ್ವ ಬೆರಳಲ್ಲಿ ಒರೆಸಿ ನೋಡಿದಳು. "ಅಯ್ಯ ಶಿವನ!" ಎಂದಳು, ಮತ್ತೆ ಒರೆಸಿದಳು.

"ಇನ್ನೊಂದು ಮಳೆ ಬರೋವರೆಗೆ ಹುಲ್ಲಿನ ಬೇರು ಬದುಕೋವಷ್ಟು ತೇವ ಇದ್ರೆ ಆಯ್ತು ಅಕ್ಕ. ಅದೇ ಆರೋಗ್ಯದ ಮಣ್ಣು," ಎಂದಳು ನಮಿತಾ.

ಮರುದಿನ ಖಾನಾವಳಿಯನ್ನು ಪಕ್ಕದ ಮನೆಯ ಹೊನ್ನಿಗೆ ಒಪ್ಪಿಸಿ ಪಾರ್ವತವ್ವ ಗುಡ್ಡ ಹತ್ತಿದಳು. ಬೈರಿಗೆ ತಿರುಗಿಸಿ ಮೊಳದಾಳದ ಮಣ್ಣು ತೆಗೆಯುವುದನ್ನು ಕಲಿತಳು. ನಮಿತಾ ಬಂದಾಗಲೆಲ್ಲ ಜೊತೆಗೆ ಹೋಗತೊಡಗಿದಳು. ಒಮ್ಮೆ ಲಾರಿ ಡ್ರೈವರನೊಬ್ಬ ಹುರಿದಿಟ್ಟ ಮಣ್ಣನ್ನು ಚಟ್ನಿಪುಡಿ ಎಂದುಕೊಂಡು ರೊಟ್ಟಿಗೆ ಹಚ್ಚಿ ತಿಂದು, ಉಪ್ಪು ಕಡಿಮೆಯಾಗಿದೆ ಎಂದನಂತೆ.

ಏಪ್ರಿಲ್‌ನಲ್ಲಿ ಮೇವು ತೀರಿತು. ಪಾರ್ವತವ್ವನ ಒಡಹುಟ್ಟಿದ ಅಣ್ಣ ಮಂಜಪ್ಪ ಊರ ನಾಲ್ಕು ಮಂದಿಯನ್ನು ಕರೆದುಕೊಂಡು ಖಾನಾವಳಿಗೇ ಬಂದ. ಅವನ ಎಮ್ಮೆಗಳ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

"ಬೇಲಿ ತಗಸ್ರಿ. ನಮ್ಮ ದನ ಸಾಯಾಕತ್ತಾವು, ನೀವು ಮಣ್ಣ ಹುರ್ಕೋತ ಕುಂತೀರಿ."

"ಅಣ್ಣಾ, ಮಣ್ಣ ನೀನ ತಗಿ," ಎಂದಳು ಪಾರ್ವತವ್ವ. "ಬೇಲಿ ಒಳಗಿಂದ ಒಂದ ಹಿಡಿ, ಹೊರಗಿಂದ ಒಂದ ಹಿಡಿ. ಎರಡೂ ಒಂದ ಆದ್ರ ಬೇಲಿ ನಾನ ಕಿತ್ತ ಒಗಿತೀನಿ."

ನಮಿತಾ ಅವಳ ಸೆರಗು ಜಗ್ಗಿದಳು. "ಎಂತ ಹೇಳ್ಬಿಟ್ರಿ ಅಕ್ಕ! ಒಳಗೂ ತೇವ ನಿಲ್ಲದ ಕಲ್ಲು ಜಾಗ ಸಿಕ್ಕಿದ್ರೆ?"

"ಸಿಕ್ರ ಸಿಗಲಿ. ಖರೇ ಏನೈತಿ ಗೊತ್ತಾಗ್ಲಿ."

ಮಂಜಪ್ಪನೇ ಅಗೆದ, ಮಂಜಪ್ಪನೇ ತೂಗಿದ. ಎರಡು ಒಲೆಗಳ ಮೇಲೆ ಎರಡು ಬಾಣಲೆ. ಹೊರಗಿನ ಮಣ್ಣು ಧೂಳೆಬ್ಬಿಸಿತು, ತೂಕ ಅಷ್ಟೇನೂ ಇಳಿಯಲಿಲ್ಲ. ಬೇಲಿಯೊಳಗಿನದು ಹಬೆ ಬಿಡುತ್ತಲೇ ಇತ್ತು. ನಂಬದೆ ಅವನು ಬೇರೆ ಕಡೆ ಅಗೆದು ತಂದ. ಆಗಲೂ ಹಾಗೆಯೇ.

ಮಂಜಪ್ಪ ತಕ್ಕಡಿ ಕೆಳಗಿಟ್ಟ. "ಆತವಾ. ಆದ್ರ ನನ್ನ ಎಮ್ಮಿ ತೇವ ತಿಂತಾವೇನು?"

ಪಾರ್ವತವ್ವನೂ ಎಮ್ಮೆಯ ಮೊಸರು ಉಂಡೇ ಬೆಳೆದವಳು. ನಮಿತಾಳ ಕಡೆ ತಿರುಗಿದಳು: "ದನಾ ಒಳಗ ಬಿಡೂದು ಬ್ಯಾಡ. ನಿಂತ ಒಣಹುಲ್ಲ ಕುಡಗೋಲಿಲೆ ಕೊಯ್ಕೊಂಡ ಹೊತ್ತರ ನಡೀತದೇನು?"

ನಡೆಯುತ್ತದೆ ಎಂದಳು ನಮಿತಾ. ಬೇರು ಉಳಿದರೆ ಸಾಕು. ಸಂಸ್ಥೆಯವರನ್ನು ತಾನೇ ಒಪ್ಪಿಸುತ್ತೇನೆ ಎಂದಳು, ಒಪ್ಪಿಸಿದಳು. ಮೊದಲ ಹೊರೆ ಹೊತ್ತು ಇಳಿದವನು ಮಂಜಪ್ಪ. ಆ ಮಳೆಗಾಲದಲ್ಲಿ ಹುಲ್ಲು ಸೊಂಟದವರೆಗೆ ಬೆಳೆಯಿತು. ನಡುವೆ ನೆಲ್ಲಿ, ಕವಳಿ ಗಿಡಗಳೂ ತಲೆಯೆತ್ತಿದವು.

ಮುಂದೆ ಬೇರೆ ಊರಿನವರೂ ಪಾರ್ವತವ್ವನನ್ನು ಕರೆಯತೊಡಗಿದರು. ೨೦೦೩ರಲ್ಲಿ ಗುಡ್ನಾಪುರದ ಹೆಂಗಸರಿಗೆ ಮಣ್ಣು ಹುರಿದು ತೋರಿಸಲು ನಮಿತಾಳ ಜೊತೆ ಹೋದಳು. ಅಲ್ಲಿನವರು ಉತ್ಸಾಹದಲ್ಲಿ ಕೆರೆದಂಡೆಯ ಮಣ್ಣನ್ನೇ ತಂದುಕೊಟ್ಟರು. ಹುರಿದಷ್ಟೂ ತೂಕ ಇಳಿಯುತ್ತಲೇ ಹೋಯಿತು. ಊಟದ ಹೊತ್ತಾಯಿತು, ಹೆಂಗಸರು ಎಲೆ ಹಾಕಿದರು. ಪಾರ್ವತವ್ವ ಸೌಟು ಕೆಳಗಿಟ್ಟು, "ಇದು ಇನ್ನೂ ಕೆರ್ಯಾಗಿಂದ ಹೊರಗ ಬಂದಿಲ್ರವಾ, ನಾವಾದ್ರೂ ಉಣ್ಣೂಣು ಬರ್ರಿ," ಎಂದು ನಗುತ್ತ ಎಲೆಯ ಮುಂದೆ ಕುಳಿತಳು.