ಪ್ರಮಿಳಾ ಹೇಳಿದ ಸಿನಿಮಾ

ಬೆಳಗಿನ ಆರೂ ಮುಕ್ಕಾಲು. ಖಾನಾಪುರದ ಒಂದು ಹೆಂಚಿನ ಮನೆಯ ಪಡಸಾಲೆಯಲ್ಲಿ ಪ್ರಮಿಳಾ ರೇಜರ್ ಹಿಡಿದು ನಿಂತಿದ್ದಾರೆ. ಎದುರು ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕುಳಿತವರು ನಿವೃತ್ತ ಹವಾಲ್ದಾರ ಸಿದರಾಯ. ವಯಸ್ಸು ಎಪ್ಪತ್ತೊಂದು, ಎರಡೂ ಕಣ್ಣು ಕಾಣುವುದಿಲ್ಲ. "ಕಾಕಾ, ಬಲಗಲ್ಲಕ್ಕ ಬಂದೆ ನೋಡ್ರಿ" ಎಂದು ಹೇಳಿಯೇ ಪ್ರಮಿಳಾ ರೇಜರ್ ಇಡುತ್ತಾರೆ. ಹೇಳದೆ ಮುಟ್ಟುವುದಿಲ್ಲ. ಮೀಸೆಗೆ ಮಾತ್ರ ಅವರು ಕೈ ಹಾಕುವಂತಿಲ್ಲ. ಅದನ್ನು ಹವಾಲ್ದಾರರು ತಾವೇ ಕತ್ತರಿಸಿಕೊಳ್ಳುತ್ತಾರೆ, ಎಡಗಡೆ ತುಸು ಹೆಚ್ಚೇ ಕತ್ತರಿಸುತ್ತಾರೆ. ಹಾಗಾಗಿದೆ ಎಂದು ಪ್ರಮಿಳಾ ಹೇಳಿದರೆ ಬೈಯುತ್ತಾರೆ, ಹೇಳದಿದ್ದರೂ ಬೈಯುತ್ತಾರೆ.

ಈ ಹೊತ್ತಿಗೆ ಪ್ರಮಿಳಾ ಅವರ ಅರ್ಧ ದಿನ ಮುಗಿದಿರುತ್ತದೆ. ಮನೆ ಇರುವುದು ಬೆಳಗಾವಿಯ ಅಂಚಿನ ಪೀರನವಾಡಿಯಲ್ಲಿ. ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಫೌಂಡ್ರಿಗೆ ಹೋಗುವ ಗಂಡ ಶಿವಲಿಂಗನ ಡಬ್ಬಿ ಕಟ್ಟಿ, ಐದೂ ಮುಕ್ಕಾಲರ ಬಸ್ಸಿಗೆ ಆಧಾರ್ ಕಾರ್ಡ್ ತೋರಿಸಿ ಹತ್ತುತ್ತಾರೆ. ಖಾನಾಪುರದಲ್ಲಿ ಹವಾಲ್ದಾರರ ಮಗ ಸುಜಯ ಮತ್ತು ಸೊಸೆ ಇಬ್ಬರೂ ಶಿಕ್ಷಕರು. ಅವರು ಎಂಟಕ್ಕೆ ಶಾಲೆಗೆ ಹೊರಟರೆ ಸಂಜೆ ಐದರವರೆಗೆ ಮನೆಯ ಜವಾಬ್ದಾರಿ ಪ್ರಮಿಳಾ ಅವರದು. ಎರಡು ಬಾರಿ ಇನ್ಸುಲಿನ್, ನಾಲ್ಕು ಬಾರಿ ಕಣ್ಣಿಗೆ ಹನಿ, ಕುರ್ಚಿಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಬಾಗಿಲಿಂದ ಬಸ್ ಸ್ಟ್ಯಾಂಡ್ ಬಾಜುವಿನ ಸಂಗವ್ವನ ಚಹಾದಂಗಡಿಗೆ ಇನ್ನೂರ ಹತ್ತು. ಎಲ್ಲ ಎಣಿಸಿಟ್ಟಿದ್ದಾರೆ.

ಮನೆಗೆ ಬಂದು ರೋಗಿಗಳನ್ನು ನೋಡಿಕೊಳ್ಳುವವರಿಗೆ ನಮ್ಮಲ್ಲಿ ಒಂದು ಸರಿಯಾದ ಹೆಸರೂ ಇಲ್ಲ. ಏಜೆನ್ಸಿಯ ಕಾಗದದಲ್ಲಿ ಅವರು ಕೇರ್‌ಟೇಕರ್, ಮನೆಯವರ ಬಾಯಲ್ಲಿ ಆಯಾ, ನೆಂಟರು ಬಂದಾಗ ಕೆಲಸದಾಕಿ. ನಲವತ್ಮೂರರ ಪ್ರಮಿಳಾ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು, ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ವಾರ್ಡ್ ಆಯಾ ಆಗಿದ್ದವರು. ಆಮೇಲೆ ಮನೆಗಳಲ್ಲಿ ಒಂಬತ್ತು ಮಂದಿಯನ್ನು ನೋಡಿಕೊಂಡಿದ್ದಾರೆ. ಅವರಲ್ಲಿ ಏಳು ಮಂದಿ ಅವರ ಕೈಯಲ್ಲೇ ಕೊನೆಯ ನೀರು ಕುಡಿದರು. "ಸತ್ತ ಮ್ಯಾಲ ಪೇಪರದಾಗ ಫೋಟೋ ಹಾಕಸ್ತಾರ್ರಿ. ಡಾಕ್ಟರಿಗೆ ಉಪಕಾರ ಅಂತ ಇರತೈತಿ. ನಾ ಹುಡಕತೇನಿ, ನನ್ನ ಹೆಸರು ಸಿಗಂಗಿಲ್ಲ" ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ.

ಹವಾಲ್ದಾರರ ಮನೆಗೆ ಬಂದು ಎರಡು ವರ್ಷವಾಯಿತು. ಇಲ್ಲಿ ಅವರು ಕಲಿತದ್ದು ಒಂದು ಹೊಸ ವಿದ್ಯೆ. ತಟ್ಟೆಯಲ್ಲಿ ಏನೆಲ್ಲಿದೆ ಎಂದು ಗಡಿಯಾರದ ಲೆಕ್ಕದಲ್ಲಿ ಹೇಳಬೇಕು: ಮೂರು ಗಂಟೆಗೆ ಪಲ್ಯ, ಆರು ಗಂಟೆಗೆ ಶೇಂಗಾ ಚಟ್ನಿ. ಪೇಪರು ಓದಬೇಕು, ರಸ್ತೆಯಲ್ಲಿ ಯಾರು ಹೋದರು ಬಂದರು ಹೇಳಬೇಕು. ಅದಕ್ಕೂ ಫೌಜಿನ ಶಿಸ್ತು. ಮೊದಲು ಕಂಡದ್ದು, ಆಮೇಲೆ ಅನಿಸಿದ್ದು, ಎರಡನ್ನೂ ಕಲಸಬಾರದು. ಮೊದಮೊದಲು ಪ್ರಮಿಳಾ ಇದನ್ನು ಮುದುಕರ ಕಿರಿಕಿರಿ ಎಂದುಕೊಂಡಿದ್ದರಂತೆ. ಈಗ ಅವರು ಬೀದಿಯ ಸುದ್ದಿ ಹೇಳುವುದನ್ನು ಕೇಳಿದರೆ ನಮ್ಮ ಕೆಲವು ವರದಿಗಾರರನ್ನು ಕರೆತಂದು ಕೂರಿಸಬೇಕು ಎನಿಸುತ್ತದೆ.

ಇಷ್ಟು ಚೆನ್ನಾಗಿ ಹೇಳುವವರು ಒಮ್ಮೆ ತಪ್ಪಿದರು. ಅದಕ್ಕೆ ಕಾರಣ ಒಂದು ಸಿನಿಮಾ.

ಅದರ ಹೆಸರು ಬೇಡ, ಪುಕ್ಕಟೆ ಜಾಹೀರಾತು ಆದೀತು. ಗಡಿಯಾಚೆ ಹಿಮದಲ್ಲಿ ಸಿಕ್ಕಿಬಿದ್ದ ಹನ್ನೆರಡು ಮಂದಿ ಸೈನಿಕರನ್ನು ಕರೆತರಲು ಹೆಲಿಕಾಪ್ಟರ್ ಹೋಗುವ ಹಿಂದಿ ಚಿತ್ರ. ಬೆಳಗಾವಿಗೆ ಬಂದ ಮೊದಲ ವಾರವೇ ಖಾನಾಪುರದಿಂದ ಜನ ಬಸ್ಸು ಹಿಡಿದು ಹೋಗಿ ನೋಡಿದರು. ಯಾಕೆಂದರೆ ಈ ಸೀಮೆಯಲ್ಲಿ ನಾಲ್ಕು ಮನೆಗೊಂದು ಮನೆಯಲ್ಲಿ ಗೋಡೆಯ ಮೇಲೆ ಯೂನಿಫಾರ್ಮಿನ ಫೋಟೋ ಇರುತ್ತದೆ. ನೋಡಿ ಬಂದವರು ಸಂಗವ್ವನ ಅಂಗಡಿಯಲ್ಲಿ ಎರಡು ಪಕ್ಷವಾದರು. ಮೊಬೈಲ್ ಅಂಗಡಿಯ ಚೇತನ ನಾಲ್ಕು ಸಲ ನೋಡಿದವನು. ಹೀರೋ ಇಬ್ಬರನ್ನು ಎರಡು ಹೆಗಲ ಮೇಲೆ ಹೊತ್ತು ಓಡುವಾಗ ಮೈ ಜುಮ್ಮೆನ್ನದವನು ಮನುಷ್ಯನೇ ಅಲ್ಲ ಎಂಬುದು ಅವನ ವಾದ. ಹಾರ್ಡ್‌ವೇರ್ ಅಂಗಡಿಯ ಗುರುಪುತ್ರಪ್ಪನವರು ಮೂವತ್ತು ವರ್ಷ ಸಿಮೆಂಟು ಮಾರಿದವರು. ಒಂದು ಚೀಲ ಹೊತ್ತು ಹತ್ತು ಮೆಟ್ಟಿಲು ಹತ್ತಿ ತೋರಿಸಲಿ ಆ ಹೀರೋ, ಆಮೇಲೆ ಹಿಮದ ಮಾತು ಎನ್ನುತ್ತಿದ್ದರು. ಸಿನಿಮಾ ನೋಡಿ ಅತ್ತವರೂ ಇದ್ದರು, ಮೊಬೈಲಿನಲ್ಲಿ ಅರ್ಧ ನೋಡಿ ಪೂರ್ತಿ ಬೈದವರೂ ಇದ್ದರು. ವಾದ ಬಗೆಹರಿಯಲಿಲ್ಲ. ಕೊನೆಗೆ ಹವಾಲ್ದಾರ ಕಾಕಾ ಏನು ಹೇಳುತ್ತಾರೋ ಅದೇ ಕೊನೆ ಎಂದು ಎರಡೂ ಪಕ್ಷ ಒಪ್ಪಿಕೊಂಡವು.

ಕಾಕಾಗೆ ಕಣ್ಣಿಲ್ಲ. ಕಾಣದವನಿಗೆ ಟಾಕೀಸು ಯಾಕೆ ಎಂದು ಅವರು ಪ್ರಮಿಳಾ ಅವರನ್ನೇ ನೋಡಿ ಬಂದು ಹೇಳಲು ಕಳಿಸಿದರು. ಭಾನುವಾರ ಪ್ರಮಿಳಾ ನಾದಿನಿಯ ಜೊತೆ ಹೋಗಿ ನೋಡಿದರು. ಚಿತ್ರದಲ್ಲಿ ಹನ್ನೊಂದು ಮಂದಿ ಹೆಲಿಕಾಪ್ಟರ್ ಹತ್ತುತ್ತಾರೆ. ಶತ್ರುಗಳನ್ನು ತಡೆಯಲು ನಿಂತ ಹನ್ನೆರಡನೆಯವನು ಕೆಳಗೇ ಉಳಿಯುತ್ತಾನೆ. ಆಮೇಲೆ ಬಾವುಟ, ಬ್ಯಾಂಡು, ಪದಕ. ಉಳಿದವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ನಲವತ್ತು ವರ್ಷದ ಹಿಂದೆ ಸಿದರಾಯ ಅವರಿದ್ದ ಪೋಸ್ಟಿನ ಮೇಲೆ ಹಿಮ ಕುಸಿದಿತ್ತು. ಒಂಬತ್ತು ಮಂದಿ ಹೂತುಹೋದರು, ಎಂಟು ಮಂದಿಯನ್ನು ಅಗೆದು ತೆಗೆದರು. ಸಿಗದೆ ಉಳಿದವನು ಭರಮಪ್ಪ, ಇದೇ ತಾಲ್ಲೂಕಿನ ಲೋಂಡಾದವನು, ಸಿದರಾಯರ ಜೊತೆಯಲ್ಲೇ ಭರ್ತಿಯಾದವನು. ಇದು ಊರಿಗೆಲ್ಲ ಗೊತ್ತು, ಪ್ರಮಿಳಾ ಅವರಿಗೂ ಗೊತ್ತು. ಮಧ್ಯಾಹ್ನದ ನಿದ್ದೆಯಲ್ಲಿ ಹವಾಲ್ದಾರರು ಕೆಲವೊಮ್ಮೆ ಆ ಹೆಸರು ಕರೆಯುವುದನ್ನು ಅವರು ಕೇಳಿದ್ದಾರೆ.

ಸೋಮವಾರ ಬೆಳಿಗ್ಗೆ ಪ್ರಮಿಳಾ ಸಿನಿಮಾ ಹೇಳಿದರು. ಕೊನೆಯಲ್ಲಿ ಹನ್ನೆರಡೂ ಮಂದಿ ಹತ್ತಿದರು ಎಂದುಬಿಟ್ಟರು.

"ಬಾಯಿಗೆ ಬರಲಿಲ್ರಿ" ಎನ್ನುತ್ತಾರೆ ಈಗ. "ಅವರ ಮಾರಿ ನೋಡಿದ್ನಿ. ಒಬ್ಬಾಂವ ಉಳದ ಅಂತ ಹ್ಯಾಂಗ ಹೇಳಲಿ? ಒಂದ ಮಾತ ಬದಲಿ ಮಾಡಿದ್ರ ಏನಾಗತೈತಿ ಅನಸ್ತು. ಸಿನಿಮಾ ಅಲ್ಲೇನ್ರಿ ಅದು."

ಹವಾಲ್ದಾರರು ಅಂದೇ ಸಂಗವ್ವನ ಅಂಗಡಿಗೆ ಹೋಗಿ ತೀರ್ಪು ಕೊಟ್ಟರು. ಹೆಗಲ ಮೇಲೆ ಹೊರುವುದೆಲ್ಲ ಬೊಗಳೆ ಇರಬಹುದು, ಆದರೆ ಎಲ್ಲರನ್ನೂ ಮನೆಗೆ ಕರೆತಂದ ಸಿನಿಮಾ ಒಳ್ಳೆಯ ಸಿನಿಮಾ ಎಂದರು. ಆಮೇಲೆ ಗುರುಪುತ್ರಪ್ಪನವರು, ಕೆಟ್ಟ ಮನಸ್ಸಿನಿಂದಲ್ಲ, ಒಬ್ಬ ಅಲ್ಲೇ ಉಳಿಯುತ್ತಾನಲ್ಲ ಎಂದು ನೆನಪಿಸಿದರು. ಹಿಂದಿನಿಂದ ಯಾರೋ ನಕ್ಕರು. ಕಾಣದವರ ಹತ್ತಿರ ಏನು ಕೇಳುವುದು ಎಂಬ ಮಾತೂ ಬಂತು. ಹವಾಲ್ದಾರರು ಎದ್ದರು. ಪ್ರಮಿಳಾ ಕೈ ಚಾಚಿದರೆ ಹಿಡಿಯಲಿಲ್ಲ. ಇನ್ನೂರ ಹತ್ತು ಹೆಜ್ಜೆಯನ್ನೂ ಗೋಡೆ ತಡವುತ್ತ ನಡೆದರು, ಒಮ್ಮೆ ಗಟಾರಕ್ಕೆ ಕಾಲು ಜಾರಿತು.

ಸಂಜೆ ಮಗನಿಗೆ ಹೇಳಿದ್ದು ಒಂದೇ ಮಾತು, ಏಜೆನ್ಸಿಯವರು ಬೇರೆಯವರನ್ನು ಕಳಿಸಲಿ. ಪ್ರಮಿಳಾ ಅವರಿಗೆ ಕೆಲಸ ಹೋಗುವುದು ಹೊಸದಲ್ಲ, ಒಂಬತ್ತು ಮನೆ ಕಂಡವರು. ಆದರೆ ಈ ಸಲ ಸಂಕಟವಾಯಿತು. ತನ್ನ ಮಾತಿನ ಮೇಲೆ ಕಾಕಾಗೆ ದಿನ ಬೆಳಗಾಗುತ್ತಿತ್ತು, ಇನ್ನು ಊಟದ ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದರೂ ನಂಬುವುದಿಲ್ಲ ಎಂದು ಬಸ್ಸಿನಲ್ಲಿ ಅತ್ತರಂತೆ. ಬದಲಿ ಆಯಾ ಸಿಗಲು ನಾಲ್ಕು ದಿನ ಬೇಕಿತ್ತು. ಮೂರು ದಿನ ಹವಾಲ್ದಾರರು ಅವರೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಪ್ರಮಿಳಾ ಒಂದು ಕೋರಿಕೆ ಇಟ್ಟರು. "ಕಾಕಾ, ಟಾಕೀಸಿಗೆ ಬರ್ರಿ. ಬಾಜು ಕುಂತು ಇನ್ನೊಮ್ಮೆ ಹೇಳತೇನಿ. ಆಮ್ಯಾಲ ನಾಳಿಂದ ನಾ ಬರಂಗಿಲ್ಲ."

ಹವಾಲ್ದಾರರು ಎದ್ದು ಅಂಗಿ ಹಾಕಿಕೊಂಡರು. ಬೆಳಗಾವಿಯ ಆ ಟಾಕೀಸಿನಲ್ಲಿ ಅಂದಿನ ಮಧ್ಯಾಹ್ನದ ಆಟಕ್ಕೆ ಮೂವತ್ತು ಮಂದಿಯೂ ಇರಲಿಲ್ಲ. ಮೂಲೆಯ ಸೀಟಿನಲ್ಲಿ ಪ್ರಮಿಳಾ ಪಿಸುದನಿಯಲ್ಲಿ ಚಿತ್ರ ಹೇಳಿದರು, ಹಿಂದಿ ಮಾತು ಅವರಿಗೆ ತಿಳಿಯದಿದ್ದಲ್ಲಿ ಹವಾಲ್ದಾರರು ಅರ್ಥ ಹೇಳಿದರು. ಮಾತು ಬಿಟ್ಟ ಮೇಲೆ ಅವರಿಬ್ಬರು ಮಾತಾಡಿದ್ದು ಆಗಲೇ. ಮುಂದಿನವನೊಬ್ಬ ತಿರುಗಿ ಗದ್ದಲ ಮಾಡಬೇಡಿ ಎಂದ. ಹಿಂದಿನ ಸಾಲಿನ ಹೆಂಗಸು ಮಾತ್ರ, ಅಕ್ಕಾ, ತುಸು ಜೋರಾಗಿ ಹೇಳಿರಿ, ನಮಗೂ ಹಿಂದಿ ಬರುವುದಿಲ್ಲ ಎಂದು ಕೇಳಿಕೊಂಡಳು. ಹೆಲಿಕಾಪ್ಟರ್ ಬಂತು. ಪ್ರಮಿಳಾ ಒಬ್ಬೊಬ್ಬರನ್ನೇ ಎಣಿಸಿದರು. ಹನ್ನೊಂದಕ್ಕೆ ನಿಲ್ಲಿಸಿದರು.

"ಒಬ್ಬಾಂವ ಕೆಳಗ ಅದಾನ್ರಿ."

"ಏನ್ ಮಾಡಾಕತ್ತಾನ?"

"ಮ್ಯಾಲ ನೋಡಾಕತ್ತಾನ್ರಿ. ಬಂದೂಕಿನಾಗ ಗುಂಡು ಮುಗದಾವ."

ಹವಾಲ್ದಾರರು ಕುರ್ಚಿಯ ಕೈ ಹಿಡಿದುಕೊಂಡರು. ಚಿತ್ರ ಮುಗಿದು ದೀಪ ಹತ್ತಿ, ಕಸ ಗುಡಿಸುವವರು ಬರುವವರೆಗೂ ಏಳಲಿಲ್ಲ. ಬಸ್ಸಿನಲ್ಲಿ, ನಾಳೆ ಎಷ್ಟು ಗಂಟೆಗೆ ಬರುತ್ತಿ ಎಂದಷ್ಟೇ ಕೇಳಿದರು. ಬದಲಿ ಆಯಾ ಬರುವುದು ಅಲ್ಲಿಗೆ ನಿಂತಿತು.

ಮರುದಿನ ಸಂಗವ್ವನ ಅಂಗಡಿಯಲ್ಲಿ ಎರಡೂ ಪಕ್ಷದವರು ಕಾದಿದ್ದರು. ಈ ಬಾರಿ ನಾನೂ ಅಲ್ಲಿದ್ದೆ. ಸಿನಿಮಾ ಬಗ್ಗೆ ಊರವರ ಅಭಿಪ್ರಾಯ ಕೇಳಿ ಬರೆಯಲು ಹೋಗಿದ್ದವನು, ಅದನ್ನು ಅಲ್ಲಿಗೇ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಹವಾಲ್ದಾರರು ಕುಳಿತು ಚಹಾ ಕುಡಿದು, "ನಾ ನೋಡಿಲ್ಲ. ಪ್ರಮಿಳಾ ನೋಡ್ಯಾಳ. ಆಕಿನ್ನ ಕೇಳ್ರಿ" ಎಂದರು. ಎರಡು ವರ್ಷ ಆ ಅಂಗಡಿಯಲ್ಲಿ ಪ್ರಮಿಳಾ ಕುರ್ಚಿಯ ಹಿಂದೆ ನಿಂತೇ ಇದ್ದವರು. ಗುರುಪುತ್ರಪ್ಪನವರು ಸರಿದು ಬೆಂಚಿನಲ್ಲಿ ಜಾಗ ಮಾಡಿ, ಕುಂದರ್ರಿ ಎಂದರು.

ಪ್ರಮಿಳಾ ಕುಳಿತರು. ಮೊದಲು ಕಂಡದ್ದನ್ನು ಹೇಳಿದರು. ಹನ್ನೊಂದು ಮಂದಿ ಬಂದಾಗ ತಾನೂ ಚಪ್ಪಾಳೆ ತಟ್ಟಿದ್ದು ಖರೆ, ಚೇತನ ಹೇಳುವುದರಲ್ಲಿ ಸುಳ್ಳಿಲ್ಲ ಎಂದರು. ಹೆಗಲ ಮೇಲೆ ಇಬ್ಬರನ್ನು ಹೊರುವುದು ಆಗದ ಮಾತು, ಹಾಸಿಗೆಯಿಂದ ಒಬ್ಬರನ್ನು ಎತ್ತಲು ತನ್ನ ನಡು ಹಿಡಿಯುತ್ತದೆ ಎಂದಾಗ ಗುರುಪುತ್ರಪ್ಪನವರು ತಲೆದೂಗಿದರು. ಆಮೇಲೆ ಅನಿಸಿದ್ದನ್ನು ಹೇಳಿದರು. "ಉಳದಾಂವನ ಮನೀಗೆ ಯಾರು ಹೋಗಿ ಹೇಳಿದ್ರು, ಏನಂತ ಹೇಳಿದ್ರು, ಅದನ್ನ ತೋರಸಬೇಕಿತ್ರಿ. ಅದು ಹೆಲಿಕಾಪ್ಟರಿಗಿಂತ ಕಠಿಣ ಕೆಲಸ."

ಹವಾಲ್ದಾರರ ಕೈಯಲ್ಲಿದ್ದ ಖಾಲಿ ಕಪ್ಪನ್ನು ಸಂಗವ್ವ ತೆಗೆದುಕೊಳ್ಳಲು ಹೋದರೆ ಅವರು ಬಿಡಲಿಲ್ಲ.

"ನಾ ಹೋಗಿದ್ನಿ" ಎಂದರು. "ಭರಮಪ್ಪನ ಟ್ರಂಕು ಹೊತಗೊಂಡು ಲೋಂಡಾಕ್ಕ ನಾನ ಹೋಗಿದ್ನಿ. ಹುಡುಕೂದು ಬಿಟ್ಟಿದ್ರು, ನನಗ ಗೊತ್ತಿತ್ತು. ಅವರವ್ವನ ಮುಂದ ಬಾಯಿಗೆ ಬರಲಿಲ್ಲ. ಹುಡುಕಾಕತ್ತಾರ, ಸಿಗತಾನ ಅಂದ್ನಿ. ಸರ್ಕಾರಿ ಕಾಗದ ಬಂದರೂ ಆಕಿ ನಂಬಲಿಲ್ಲ, ಸಿದರಾಯ ಹೇಳ್ಯಾನ ಅಂದ್ಲು. ಹನ್ನೊಂದು ವರ್ಷ ಕಾದು ಸತ್ಲು."

ನಲವತ್ತು ವರ್ಷ ಈ ಮಾತು ಹೆಂಡತಿಗೂ ಗೊತ್ತಿರಲಿಲ್ಲ, ಮಗನಿಗೂ ಇಲ್ಲ. ಪ್ರಮಿಳಾ ಅವರ ಮೇಲೆ ಅಷ್ಟು ಸಿಟ್ಟು ಯಾಕೆ ಬಂತೆಂದು ಆಗ ನಮಗೆಲ್ಲ ತಿಳಿಯಿತು. ಅಲ್ಲಿಂದ ಮುಂದೆ ಆ ಅಂಗಡಿಯಲ್ಲಿ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬ ಮಾತು ಏಳಲಿಲ್ಲ.

ಭರಮಪ್ಪನ ತಂಗಿ ಫಕೀರವ್ವ ಈಗಲೂ ಲೋಂಡಾದಲ್ಲೇ ಇದ್ದಾರೆ. ಕಳೆದ ಶನಿವಾರ ಪ್ರಮಿಳಾ ಹವಾಲ್ದಾರರನ್ನು ರೈಲಿನಲ್ಲಿ ಕರೆದೊಯ್ದರು. ಕಾಡು ಶುರುವಾದದ್ದು, ಸ್ಟೇಶನ್ನಿನ ಮೆಟ್ಟಿಲು, ಓಣಿಯ ಕಲ್ಲು, ಎಲ್ಲ ಹೇಳುತ್ತ ನಡೆಸಿದರು. ಫಕೀರವ್ವನ ಪಡಸಾಲೆಯಲ್ಲಿ ಕುಳಿತು ಹವಾಲ್ದಾರರು ಅಂದು ತಾವಾಡಿದ ಸುಳ್ಳನ್ನು ಒಪ್ಪಿಕೊಂಡರು. ಫಕೀರವ್ವ ಪೂರ್ತಿ ಕೇಳಿದರು. ಒಳಗೆ ಹೋಗಿ ಚಹಾ ತಂದರು. ಕುಡಿದು ಇಬ್ಬರೂ ಹೊರಟು ಬಂದರು.

ಮುಂದಿನದನ್ನು ನಾನು ಪ್ರಮಿಳಾ ಅವರ ಬಾಯಲ್ಲೇ ಕೇಳಿದೆ. ಪೀರನವಾಡಿಯ ಮನೆಯಲ್ಲಿ, ನಾಳೆಯ ಡಬ್ಬಿಗೆ ಹಿಟ್ಟು ಜರಡಿ ಹಿಡಿಯುತ್ತ ಹೇಳಿದರು. "ಹಾದ್ಯಾಗ ಕಾಕಾ ನಿಂತು ಕೇಳಿದ್ರು, ಆಕಿ ಮಾರಿ ಹೆಂಗಿತ್ತು ಅಂತ. ಕಣ್ಣೀರ ಒರಸಿಕೊಂಡ್ಲು, ಸಿಟ್ಟು ಇಳೀತು ಅಂದಿದ್ರ ಆಗತಿತ್ರಿ. ಅವರಿಗೇನ್ ಕಾಣತೈತಿ? ನಾ ಹೇಳಿದ್ನಿ, ಕಾಕಾ, ಆಕಿ ನಿಮ್ಮ ಕಡೆ ಒಮ್ಮಿನೂ ನೋಡಲಿಲ್ಲ. ಚಹಾದ ಕಪ್ಪು ನಿಮ್ಮ ಕೈಗೆ ಕೊಡದ ನೆಲದ ಮ್ಯಾಲ ಇಟ್ಲು, ನಾ ಎತ್ತಿ ಕೊಟ್ನಿ."

ಹವಾಲ್ದಾರರು ಏನೆಂದರು ಎಂದು ಕೇಳಿದೆ.

"ನನ್ನ ಕೈ ಹಿಡಕೊಂಡು ಮುಂದ ನಡದ್ರು. ಆಮ್ಯಾಲ, ಮುಂದಿನ ತಿಂಗಳ ಮತ್ತ ಬರೂಣು, ನೀ ಆಕಿ ಮಾರಿ ನೋಡಿ ಹೇಳು ಅಂದ್ರು" ಎಂದು ಪ್ರಮಿಳಾ ಜರಡಿ ಬದಿಗಿಟ್ಟರು. "ನಾ ಹೇಳಿದ್ರ ನಂಬತಾರ್ರಿ ಈಗ."